ಔಷಧ ಇದ್ದೂ ಕ್ಷಯ ಏಕೆ ಹೋಗಿಲ್ಲ?

ಸಮುದಾಯ ವೈದ್ಯಶಾಸ್ತ್ರ ಕಲಿಸುವ ನನ್ನನ್ನು ವಿದ್ಯಾರ್ಥಿಗಳು, ನೆಂಟರಿಷ್ಟರು, ಊರಿನ ಆರೋಗ್ಯ ಸಭೆಗಳಿಗೆ ಬರುವ ಹಿರಿಯರು ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆ ಇದು: ಸಿಡುಬು ಹೋಯಿತು, ನಮ್ಮ ದೇಶದಿಂದ ಪೋಲಿಯೊ ಹೋಯಿತು, ಕ್ಷಯಕ್ಕೂ ಮಾತ್ರೆ ಇದೆ, ಹುಟ್ಟಿದ ಮಗುವಿಗೆ ಬಿಸಿಜಿ ಹಾಕಿಸುತ್ತೇವೆ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪೂರ್ತಿ ಉಚಿತ, ಹೀಗಿದ್ದೂ ಈ ರೋಗ ಏಕೆ ಹೋಗುತ್ತಿಲ್ಲ?

ಪ್ರಶ್ನೆ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಸುಮಾರು 1.08 ಕೋಟಿ ಜನ ಹೊಸದಾಗಿ ಕ್ಷಯಕ್ಕೆ ತುತ್ತಾದರು, 12.5 ಲಕ್ಷ ಜನ ಪ್ರಾಣ ಬಿಟ್ಟರು. ಆ ರೋಗಿಗಳಲ್ಲಿ ನಾಲ್ವರಿಗೆ ಒಬ್ಬರಂತೆ ಭಾರತದವರು. 2025ರೊಳಗೆ ದೇಶವನ್ನು ಕ್ಷಯಮುಕ್ತ ಮಾಡುವ ಗುರಿ ಕೈಗೂಡಲಿಲ್ಲ. 2015ರಲ್ಲಿ ಲಕ್ಷ ಜನಕ್ಕೆ 237 ಇದ್ದ ಹೊಸ ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ. ಈ ಇಳಿಕೆಯ ಹಿಂದೆ ಸಾವಿರಾರು ಆಶಾ ಕಾರ್ಯಕರ್ತೆಯರ, ಪ್ರಯೋಗಾಲಯ ತಂತ್ರಜ್ಞರ ದುಡಿಮೆ ಇದೆ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಈ ವೇಗದಲ್ಲಿ ಹೋದರೆ ಗುರಿ ಮುಟ್ಟಲು ಇನ್ನೂ ದಶಕಗಳೇ ಬೇಕು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ ಕೆಲಸ ಮಾಡುವುದು ರೋಗ ಬಂದ ಮೇಲೆ, ಅದೂ ರೋಗಿ ನಮ್ಮ ಕಣ್ಣಿಗೆ ಬಿದ್ದ ಮೇಲೆ. ಸೋಂಕು ತಗುಲಿದ ಮೈ ರೋಗಕ್ಕೆ ಸೋಲುವಂತೆ ಮಾಡುವ ಕಾರಣಗಳನ್ನು, ಅದರಲ್ಲೂ ಹಸಿವನ್ನು, ನಾವು ಬಹಳ ಕಾಲ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸಲಿಲ್ಲ.

ಸಿಡುಬಿನ ಪಕ್ಕದಲ್ಲಿಟ್ಟು ನೋಡಿದರೆ ಕ್ಷಯದ ಸ್ವಭಾವ ಸ್ಪಷ್ಟವಾಗುತ್ತದೆ. ಸಿಡುಬು ತಗುಲಿದವರಿಗೆ ಸುಮಾರು ಎರಡು ವಾರದಲ್ಲಿ ಕಾಯಿಲೆ ಕಾಣಿಸಿಕೊಂಡು ಮೈಮೇಲೆ ಗುಳ್ಳೆಗಳು ಏಳುತ್ತಿದ್ದವು. ರೋಗಿ ಯಾರೆಂದು ಗುರುತಿಸುವುದಕ್ಕೆ ವೈದ್ಯರೇ ಬೇಕಿರಲಿಲ್ಲ. ಲಸಿಕೆ ಹಾಕಿದರೆ ವರ್ಷಗಟ್ಟಲೆ ರಕ್ಷಣೆ ಸಿಗುತ್ತಿತ್ತು. ಹಾಗಾಗಿ ರೋಗಿಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕುತ್ತ ಹೋಗಿ, 1980ರಲ್ಲಿ ಅದು ಭೂಮಿಯಿಂದಲೇ ತೊಲಗಿತೆಂದು ಘೋಷಿಸಲು ಸಾಧ್ಯವಾಯಿತು. ಕ್ಷಯದ ರೀತಿಯೇ ಬೇರೆ. ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಜಗತ್ತಿಗೆ ತೋರಿಸಿಕೊಟ್ಟ ಈ ರೋಗಾಣುವಿಗೆ ಮೇಣದಂಥ ದಪ್ಪ ಕವಚವಿದೆ. ನಮ್ಮ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಕ್ಷಯದ ರೋಗಾಣುವಿಗೆ ಸುಮಾರು 20 ಗಂಟೆ ಬೇಕು. ಕೆಮ್ಮಿದಾಗ ಗಾಳಿಗೆ ಸೇರಿ ಇನ್ನೊಬ್ಬರ ಶ್ವಾಸಕೋಶ ಹೊಕ್ಕ ರೋಗಾಣುವನ್ನು ಅಲ್ಲಿನ ಕಾವಲು ಕೋಶಗಳು ನುಂಗುತ್ತವೆ, ಆದರೆ ಎಷ್ಟೋ ಸಲ ಕೊಲ್ಲಲಾರವು. ಆಗ ಸುತ್ತ ಇನ್ನಷ್ಟು ಕೋಶಗಳು ಸೇರಿ ಗಂಟು ಕಟ್ಟಿ ಅದನ್ನು ಒಳಗೇ ಕೂಡಿಹಾಕುತ್ತವೆ. ಜಗತ್ತಿನ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಹೀಗೆ ಸೋಂಕು ತಗುಲಿದೆ ಎಂಬ ಅಂದಾಜಿದೆ. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ರೋಗ ಬರುತ್ತದೆ. ಉಳಿದವರು ಅದರ ಸುಳಿವೇ ಇಲ್ಲದೆ ಬಾಳಿ ಹೋಗುತ್ತಾರೆ.

ಹಾಗಾದರೆ ಆ ಐದು ಹತ್ತು ಮಂದಿ ಯಾರು? ಎಚ್‌ಐವಿ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಮದ್ಯ, ಇವೆಲ್ಲ ಮೈಯ ತಡೆಶಕ್ತಿಯನ್ನು ಸಡಿಲಿಸುವ ಕಾರಣಗಳು. ನಮ್ಮ ದೇಶದಲ್ಲಿ ಇವುಗಳ ಸಾಲಿನಲ್ಲಿ ಮೊದಲು ನಿಲ್ಲುವುದು ಅಪೌಷ್ಟಿಕತೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಅದಕ್ಕೆ ಮೊದಲು ಬಿಸಿಜಿಯ ಮಾತು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಸಿದ್ಧಪಡಿಸಿದ ಈ ಲಸಿಕೆಯನ್ನು ಮನುಷ್ಯರಿಗೆ ಮೊದಲು ಕೊಟ್ಟದ್ದು 1921ರಲ್ಲಿ. ಎಳೆಯ ಮಕ್ಕಳಲ್ಲಿ ಮಿದುಳಿನ ಪೊರೆಗೆ ಹತ್ತುವ ಕ್ಷಯವನ್ನೂ, ಮೈಯೆಲ್ಲ ಹರಡುವ ಕ್ಷಯವನ್ನೂ ಅದು ಚೆನ್ನಾಗಿ ತಡೆಯುತ್ತದೆ. ಆದ್ದರಿಂದ ಮಗುವಿಗೆ ಅದನ್ನು ತಪ್ಪದೆ ಹಾಕಿಸಬೇಕು. ಆದರೆ ರೋಗವನ್ನು ಹರಡುವವರು ಹೆಚ್ಚಾಗಿ ಶ್ವಾಸಕೋಶದ ಕ್ಷಯವಿರುವ ವಯಸ್ಕರು. ಅವರಿಗೆ ಬಿಸಿಜಿಯಿಂದ ಎಷ್ಟು ರಕ್ಷಣೆ ಸಿಗುತ್ತದೆಂದು ತಿಳಿಯಲು ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನೊಳಗೊಂಡ ಬೃಹತ್ ಪ್ರಯೋಗದಲ್ಲಿ, ಹದಿನೈದು ವರ್ಷಗಳ ನಿಗಾವಣೆಯ ಬಳಿಕವೂ ವಯಸ್ಕರ ಶ್ವಾಸಕೋಶದ ಕ್ಷಯದ ವಿರುದ್ಧ ರಕ್ಷಣೆ ಕಂಡುಬರಲಿಲ್ಲ. ಅಷ್ಟು ದೊಡ್ಡ ನಿರಾಸೆಯನ್ನು ಮುಚ್ಚಿಡದೆ ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ಗೌರವವಿದೆ.

ಈಗ ಭರವಸೆ ಹುಟ್ಟಿಸಿರುವ ಲಸಿಕೆ ಎಂ72. ಆಫ್ರಿಕಾದ ಮೂರು ದೇಶಗಳಲ್ಲಿ, ಈಗಾಗಲೇ ಸೋಂಕು ತಗುಲಿದ್ದ ಸುಮಾರು ಮೂರೂವರೆ ಸಾವಿರ ವಯಸ್ಕರ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ಮೂರು ವರ್ಷಗಳ ಅವಧಿಯಲ್ಲಿ ರೋಗದ ಪ್ರಮಾಣವನ್ನು ಅರ್ಧದಷ್ಟು ಇಳಿಸಿತು. ಸುಮಾರು 20,000 ಜನರ ಮೇಲಿನ ಅಂತಿಮ ಹಂತದ ಪರೀಕ್ಷೆ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಯಿತು. ಸೋಂಕು ತಗುಲಿದವರಲ್ಲಿ ಕೆಲವರಿಗೆ ಮಾತ್ರ, ಅದೂ ಜೀವಮಾನದಲ್ಲಿ ಎಂದೋ ಒಮ್ಮೆ ಕ್ಷಯ ಬರುವುದರಿಂದ, ವರ್ಷಗಟ್ಟಲೆ ಕಾದು ನೋಡದೆ ಯಾವ ಲಸಿಕೆಯ ಬೆಲೆಯೂ ಗೊತ್ತಾಗುವುದಿಲ್ಲ. ಈ ಸಂಶೋಧನೆ ನಿಧಾನವಾಗಿರುವುದಕ್ಕೆ ಇದೂ ಒಂದು ಕಾರಣ. ಬಡವರ ರೋಗಕ್ಕೆ ಹಣ ಹೂಡುವವರು ಕಡಿಮೆ ಎಂಬುದು ಇನ್ನೊಂದು.

ಚಿಕಿತ್ಸೆಯ ವಿಷಯದಲ್ಲಿ ಭಾರತ ಜಗತ್ತಿಗೇ ದಾರಿ ತೋರಿಸಿದೆ. ಒಂದು ಕಾಲದಲ್ಲಿ ಕ್ಷಯರೋಗಿಯನ್ನು ಊರಾಚೆಯ ಸ್ಯಾನಿಟೋರಿಯಂಗೆ ಸೇರಿಸಿ, ಒಳ್ಳೆಯ ಗಾಳಿ, ವಿಶ್ರಾಂತಿ, ಹಾಲು ಮೊಟ್ಟೆ ಒದಗಿಸಬೇಕೆಂಬುದೇ ನಿಯಮ. ಲಕ್ಷಾಂತರ ರೋಗಿಗಳಿದ್ದ ದೇಶದಲ್ಲಿ ಅಷ್ಟು ಹಾಸಿಗೆ ಎಲ್ಲಿಂದ ತರುವುದು? ಮದರಾಸಿನಲ್ಲಿ 1956ರಲ್ಲಿ ಸ್ಥಾಪನೆಯಾದ ಕ್ಷಯ ಔಷಧ ಚಿಕಿತ್ಸಾ ಕೇಂದ್ರವು ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಯಾನಿಟೋರಿಯಂಗೆ ಸೇರಿಸಿ, ಉಳಿದವರಿಗೆ ಅವರವರ ಮನೆಯಲ್ಲೇ ಅದೇ ಔಷಧ ಕೊಟ್ಟು ಒಂದು ವರ್ಷ ಗಮನಿಸಿತು. ಮನೆಯಲ್ಲಿದ್ದವರ ಊಟ ಕಳಪೆಯಾಗಿತ್ತು, ಜಾಗ ಇಕ್ಕಟ್ಟಾಗಿತ್ತು, ಆದರೂ ಅವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಪ್ರಕಟವಾದ ಈ ಫಲಿತಾಂಶದ ಬಳಿಕ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳು ಬಾಗಿಲು ಹಾಕತೊಡಗಿದವು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿದಾಗ ತಿಳಿದದ್ದು, ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆಯ ಲಕ್ಷಣಗಳು ಚೆನ್ನಾಗಿ ಗೊತ್ತಿದ್ದವು ಮತ್ತು ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ಜನರಿಗೆ ತಿಳಿವಳಿಕೆ ಇಲ್ಲ ಎಂದು ದೂರುವ ಪ್ರತಿಯೊಬ್ಬ ವೈದ್ಯ ವಿದ್ಯಾರ್ಥಿಗೂ ನಾನು ಈ ಅಧ್ಯಯನವನ್ನು ಓದಿಸುತ್ತೇನೆ.

ಮಾತ್ರೆ ನುಂಗುವುದೆಂದರೆ ಏನು ಎಂಬುದನ್ನೂ ಹೇಳಬೇಕು. ನಾಲ್ಕು ಔಷಧ ಒಟ್ಟಿಗಿರುವ ಮಾತ್ರೆಗಳನ್ನು, ರೋಗಿಯ ತೂಕ ನೋಡಿ ದಿನಕ್ಕೆ ಎರಡೋ ಮೂರೋ ನಾಲ್ಕೋ ಎಂದು ನಿಗದಿ ಮಾಡಿ, ಮೊದಲ ಎರಡು ತಿಂಗಳು ಕೊಡುತ್ತಾರೆ. ಆಮೇಲೆ ನಾಲ್ಕು ತಿಂಗಳು ಮೂರು ಔಷಧದ ಮಾತ್ರೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಹೇಳದಿದ್ದರೆ ರೋಗಿ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ವಾಕರಿಕೆ, ಕೀಲು ನೋವು ಹಲವರಿಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಇಷ್ಟೊಂದು ಮಾತ್ರೆ ನುಂಗಿದರೆ ತಡೆಯಲಾಗುವುದಿಲ್ಲ ಎಂದು ಕೂಲಿ ಮಾಡುವವರು ಹೇಳುವಾಗ ಅವರು ನೆಪ ಹೇಳುತ್ತಿಲ್ಲ. ಇನ್ನೂ ದೊಡ್ಡ ತೊಡಕೆಂದರೆ ಎರಡು ತಿಂಗಳಿಗೆ ಕೆಮ್ಮು ನಿಂತು, ಹಸಿವು ಮರಳಿ, ಮೈಯಲ್ಲಿ ಕಸುವು ಬರುವುದು. ಆಗ ಮಾತ್ರೆ ಬಿಟ್ಟರೆ ಒಳಗೆ ನಿಧಾನಗತಿಯಲ್ಲಿ ಉಳಿದುಕೊಂಡ ರೋಗಾಣುಗಳು ಮತ್ತೆ ತಲೆಯೆತ್ತುತ್ತವೆ, ಔಷಧಕ್ಕೆ ಬಗ್ಗದ ತಳಿಯೂ ಹುಟ್ಟಿಕೊಳ್ಳಬಹುದು. ಔಷಧ ನಿರೋಧಕ ಕ್ಷಯಕ್ಕೆ ಹಿಂದೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆ ನಡೆಯುತ್ತಿತ್ತು. ತಿಂಗಳುಗಟ್ಟಲೆ ಪಡೆದ ಚುಚ್ಚುಮದ್ದಿನಿಂದ ಕಿವುಡಾದವರು ಎಷ್ಟೋ ಮಂದಿ. 2012ರಲ್ಲಿ ಬೆಡಾಕ್ವಿಲಿನ್ ಎಂಬ ಹೊಸ ಔಷಧ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಅದರೊಂದಿಗೆ ಇನ್ನೂ ಮೂರು ಔಷಧ ಸೇರಿದ, ಚುಚ್ಚುಮದ್ದೇ ಇಲ್ಲದ ಆರು ತಿಂಗಳ ಚಿಕಿತ್ಸೆಗೆ ಭಾರತ 2024ರಲ್ಲಿ ಒಪ್ಪಿಗೆ ಕೊಟ್ಟಿತು.

ಪತ್ತೆಯ ವಿಷಯದಲ್ಲೂ ಉಪಕರಣಗಳು ಸುಧಾರಿಸಿವೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಯಂತ್ರ ಕಫದಲ್ಲಿರುವ ರೋಗಾಣುವನ್ನೂ, ಅದು ರಿಫಾಂಪಿಸಿನ್ ಎಂಬ ಮುಖ್ಯ ಕ್ಷಯ ಔಷಧಕ್ಕೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅದನ್ನು ಮಾನ್ಯ ಮಾಡಿತು. ಆದರೆ ಕಫ ಕೊಡಲು ಜನ ಬರಬೇಕಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕ ಕ್ಷಯರೋಗಿಗಳಲ್ಲಿ ಶೇಕಡ 42ಕ್ಕೂ ಹೆಚ್ಚು ಮಂದಿ, ಎದೆಯ ಎಕ್ಸ್‌ರೇ ತೆಗೆಯದಿದ್ದರೆ ತಪ್ಪಿಹೋಗುತ್ತಿದ್ದರು. ಕೆಮ್ಮು ಜ್ವರ ಕೇಳಿ ಮಾತ್ರ ಹುಡುಕಿದ್ದರೆ ಅವರು ಸಿಗುತ್ತಲೇ ಇರಲಿಲ್ಲ. ಆದ್ದರಿಂದ ಕ್ಷಯರೋಗಿಯ ಮನೆಯವರೆಲ್ಲರೂ, ಲಕ್ಷಣ ಇರಲಿ ಬಿಡಲಿ, ಒಮ್ಮೆ ಎಕ್ಸ್‌ರೇ ಮಾಡಿಸಿಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ರೋಗವಿಲ್ಲವೆಂದು ಖಚಿತವಾದವರಿಗೆ ಮುಂಜಾಗ್ರತೆಯ ಮಾತ್ರೆಯೂ ಸಿಗುತ್ತದೆ.

ಇನ್ನು ಹಸಿವಿನ ಮಾತು. ಮದರಾಸಿನ ಅಧ್ಯಯನ ಹೇಳಿದ್ದು, ಔಷಧ ಸರಿಯಾಗಿ ಸಿಕ್ಕರೆ ಗುಣವಾಗುವುದಕ್ಕೆ ಸ್ಯಾನಿಟೋರಿಯಂನ ಊಟವೇ ಬೇಕೆಂದಿಲ್ಲ ಎಂದು. ಆರೋಗ್ಯ ಕಾರ್ಯಕ್ರಮಗಳು ಅದನ್ನು ಓದಿಕೊಂಡದ್ದು, ಕ್ಷಯಕ್ಕೂ ಊಟಕ್ಕೂ ಸಂಬಂಧವೇ ಇಲ್ಲ ಎಂಬಂತೆ. ಮೊದಲನೆಯದು ನಿಜ, ಎರಡನೆಯದು ನಿಜವಲ್ಲ, ಮತ್ತು ಈ ತಪ್ಪು ಓದಿಗೆ ನಾವು ದಶಕಗಳ ಬೆಲೆ ತೆತ್ತಿದ್ದೇವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಾರಿಗೆ ರೋಗ ಬರುತ್ತದೆ, ಬಂದವರಲ್ಲಿ ಯಾರು ಮೊದಲ ವಾರಗಳಲ್ಲೇ ಸಾಯುತ್ತಾರೆ ಎಂಬ ಪ್ರಶ್ನೆಗಳಿಗೆ ಆ ಅಧ್ಯಯನ ಉತ್ತರ ಹುಡುಕಿರಲೇ ಇಲ್ಲ.

ಆ ಉತ್ತರವನ್ನು ಹುಡುಕಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಅವರು 2019ರಲ್ಲಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ಪ್ರಯೋಗ ಆರಂಭಿಸಿದರು. ಆ ಚೆನ್ನೈ ಸಂಸ್ಥೆ ಬೇರೆಯದಲ್ಲ, ಹಿಂದಿನ ಮದರಾಸು ಕೇಂದ್ರವೇ ಬೆಳೆದು ಆದದ್ದು. 2,800 ರೋಗಿಗಳು, ಅವರ ಮನೆಗಳ 10,345 ಜನ ಪ್ರಯೋಗದಲ್ಲಿದ್ದರು. ರೋಗಿಗಳಲ್ಲಿ ಐವರಿಗೆ ನಾಲ್ವರು ಅಪೌಷ್ಟಿಕತೆಯಿಂದ ಬಳಲುತ್ತಿದ್ದರು. ಎಲ್ಲ ರೋಗಿಗಳಿಗೂ ತಿಂಗಳಿಗೊಮ್ಮೆ ಆಹಾರದ ಕಿಟ್ ಕೊಟ್ಟರು. ಮನೆಯವರ ವಿಷಯದಲ್ಲಿ ಮಾತ್ರ ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ದೊಡ್ಡವರೊಬ್ಬರಿಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿನ ಮನೆಯವರಿಗೆ ಹೆಚ್ಚುವರಿಯಾಗಿ ಏನೂ ಇರಲಿಲ್ಲ.

2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೇಳೆ ಅಕ್ಕಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಇನ್ನೊಂದು ಗುಂಪಿಗಿಂತ ಶೇಕಡ 39ರಷ್ಟು ಕಡಿಮೆ, ಇತರರಿಗೆ ಹರಡುವ ಶ್ವಾಸಕೋಶದ ಕ್ಷಯವನ್ನಷ್ಟೇ ನೋಡಿದರೆ ಶೇಕಡ 48ರಷ್ಟು ಕಡಿಮೆ. ಅತ್ಯಾಧುನಿಕ ಲಸಿಕೆಯೊಂದು ತೋರಿಸಿದಷ್ಟೇ ರಕ್ಷಣೆಯನ್ನು ಪಡಿತರದ ಚೀಲವೂ ತೋರಿಸಿತು. ರೋಗಿಗಳಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡ 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇಕಡ 61ರಷ್ಟು ಇಳಿದಿತ್ತು. 35 ಕೆ.ಜಿ. ತೂಗುವ ಹೆಣ್ಣುಮಗಳೊಬ್ಬಳ ಲೆಕ್ಕದಲ್ಲಿ ಶೇಕಡ 5 ಎಂದರೆ ಎರಡು ಕೆ.ಜಿ.ಯೂ ಪೂರ್ತಿ ಆಗುವುದಿಲ್ಲ. ಆಸ್ಪತ್ರೆಯ ಮೂಲೆಯಲ್ಲಿ ಬಿದ್ದಿರುವ ತೂಕದ ಯಂತ್ರವನ್ನು ನಾವು ಇಷ್ಟು ಗಂಭೀರವಾಗಿ ಎಂದೂ ನೋಡಿರಲಿಲ್ಲ.

ಈ ತಿಳಿವಳಿಕೆ ಸರ್ಕಾರದ ಕಾರ್ಯಕ್ರಮವನ್ನು ಸ್ವಲ್ಪಮಟ್ಟಿಗೆ ತಲುಪಿದೆ. 2018ರಿಂದ ರೋಗಿಯ ಖಾತೆಗೆ ಬರುತ್ತಿದ್ದ ತಿಂಗಳಿಗೆ 500 ರೂಪಾಯಿ 2024ರ ನವೆಂಬರಿನಿಂದ 1,000 ರೂಪಾಯಿಯಾಗಿದೆ. ದಾನಿಗಳ ಮೂಲಕ ಆಹಾರದ ಕಿಟ್ ಒದಗಿಸುವ ನಿ-ಕ್ಷಯ ಮಿತ್ರ ಯೋಜನೆಗೆ ರೋಗಿಯ ಮನೆಯವರನ್ನೂ ಸೇರಿಸಲಾಗಿದೆ. ಒಳ್ಳೆಯ ಹೆಜ್ಜೆಗಳೇ. ಆದರೆ ಮನೆಮಂದಿಯ ಊಟವನ್ನು ದಾನಿಯೊಬ್ಬರ ಮನಸ್ಸಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ದಾನಿ ಸಿಕ್ಕ ತಾಲ್ಲೂಕಿನಲ್ಲಿ ಕಿಟ್ ಬರುತ್ತದೆ, ಸಿಗದ ತಾಲ್ಲೂಕಿನಲ್ಲಿ ಬರುವುದಿಲ್ಲ. ಮಾತ್ರೆಯನ್ನು ಹೀಗೆ ಹಂಚುವುದಾದರೆ ನಾವು ಯಾರಾದರೂ ಒಪ್ಪುತ್ತಿದ್ದೆವೇ? ಕರ್ನಾಟಕದಲ್ಲಂತೂ ನ್ಯಾಯಬೆಲೆ ಅಂಗಡಿಯ ಜಾಲ ಹಳ್ಳಿಹಳ್ಳಿಗೂ ಇದೆ, ಅಕ್ಕಿ ಈಗಾಗಲೇ ಹೋಗುತ್ತಿದೆ. ಕ್ಷಯ ಪತ್ತೆಯಾದ ದಿನವೇ ಆ ಮನೆಯ ಪಡಿತರ ಚೀಟಿಗೆ, ಸದಸ್ಯರ ಲೆಕ್ಕದಲ್ಲಿ, ತಿಂಗಳಿಗೆ ತಲಾ ಒಂದೂವರೆ ಕೆ.ಜಿ. ತೊಗರಿಬೇಳೆ ಸೇರುವಂತೆ ಆರೋಗ್ಯ ಇಲಾಖೆಯೂ ಆಹಾರ ಇಲಾಖೆಯೂ ಒಂದು ಆದೇಶದ ಮೂಲಕ ವ್ಯವಸ್ಥೆ ಮಾಡಬಹುದು. ಕ್ಷಯ ಏಕೆ ಹೋಗಿಲ್ಲ ಎಂದು ನನ್ನನ್ನು ಕೇಳುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರೂ ಇರುತ್ತಾರೆ, ಶಾಸಕರ ಆಪ್ತರೂ ಇರುತ್ತಾರೆ. ಅವರಿಗೆ ನಾನು ಕೊಡುವ ಉತ್ತರದ ಕೊನೆಯಲ್ಲಿ ಈ ಬೇಡಿಕೆ ತಪ್ಪದೆ ಇರುತ್ತದೆ.