ದಿನಕ್ಕೆ ಎಷ್ಟು ಹೊತ್ತು ಪ್ರಾರ್ಥನೆ ಮಾಡಬೇಕು? ತಗೊಳ್ಳಿ ಉತ್ತರ

ಭಾನುವಾರ ಆರಾಧನೆ ಮುಗಿಸಿ ಸ್ಕೂಟರ್ ಹತ್ತಿರ ಹೋಗುವಷ್ಟರಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ದಿನಕ್ಕೆ ಮಿನಿಮಮ್ ಎಷ್ಟು ಹೊತ್ತು ಪ್ರಾರ್ಥನೆ ಮಾಡಬೇಕು?" ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳುವ ಧಾಟಿ. ಲೆಕ್ಕವೇ ಬೇಕೆಂದರೆ ಹದಿನೈದು ನಿಮಿಷ. ಆಯ್ತಲ್ಲ? ಇನ್ನು ಬಾಯಲ್ಲಿ ಹೇಳಲಾರೆ ಮಾರಾಯ್ರೆ, ಇಲ್ಲೇ ಓದಿಕೊಳ್ಳಿ.

ಬೈಬಲಿನ ಮತ್ತಾಯ 6ರಲ್ಲಿ ಯೇಸು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಒಂದು ನಿಮಿಷ ಹಿಡಿಯುವುದಿಲ್ಲ. ಮಾತು ಹೆಚ್ಚಾದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂಬ ಎಚ್ಚರಿಕೆ ಅದಕ್ಕೂ ಮೊದಲೇ ಇದೆ. ಹಾಗಾಗಿ ಗಡಿಯಾರ ಬಿಡಿ.

ಜನ ಸೋಲುವುದು ಬೇರೆ ಕಡೆ. ಹೊಸ ವರ್ಷಕ್ಕೆ ಸತ್ಯವೇದ, ಅಂದರೆ ಬೈಬಲ್, ಪೂರ್ತಿ ಓದುವ ಹಠ: 66 ಪುಸ್ತಕ, 1189 ಅಧ್ಯಾಯ, ಅಂದರೆ ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು. ಆದಿಕಾಂಡದ 50, ವಿಮೋಚನಕಾಂಡದ 40 ಹೇಗೋ ಓಡುತ್ತವೆ. ದಿನಕ್ಕೆ ಮೂರರಂತೆ ಓದಿದರೂ ಜನವರಿ 31ಕ್ಕೆ ಯಾಜಕಕಾಂಡದ ಹೋಮಬಲಿ ಎದುರಾಗುತ್ತದೆ. ಫೆಬ್ರವರಿ 4ಕ್ಕೆ 13ನೇ ಅಧ್ಯಾಯ, ಚರ್ಮರೋಗ, ಬಟ್ಟೆಗೆ ಹಿಡಿದ ಬೂಷ್ಟು. ಅಲ್ಲಿಗೆ ಪುಸ್ತಕ ಮತ್ತೆ ಕಪಾಟಿಗೆ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಹದಿನಾರೇ ಅಧ್ಯಾಯ, ದಿನಕ್ಕೊಂದು, ಗಟ್ಟಿಯಾಗಿ ಓದಿ. ಕಣ್ಣು ಹಾರಿಸಿದ ಸಾಲನ್ನು ಕಿವಿ ಹಿಡಿಯುತ್ತದೆ. ಜೊತೆಗೆ ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ. 119ನೆಯದು ಬಂದಾಗ ಹೆದರಬೇಡಿ: 176 ವಚನ, ಆದರೆ ಎಂಟೆಂಟರ 22 ತುಂಡು. ದಿನಕ್ಕೊಂದು ತುಂಡು ಸಾಕು. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಬೆಳಿಗ್ಗೆ ಹತ್ತು ಗ್ರೂಪಿಗೆ ವಚನ ಫಾರ್ವರ್ಡ್ ಮಾಡುವುದು ಧ್ಯಾನವಲ್ಲ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಮಗು ಆಸ್ಪತ್ರೆಯಲ್ಲಿದೆ, ಗಲ್ಫಿನ ಕೆಲಸ ಹೋಗಿದೆ, ಪ್ರಾರ್ಥಿಸಲು ಬಾಯೇ ಬರುತ್ತಿಲ್ಲ, ಏನು ಮಾಡಲಿ? ಅಂಥ ದಿನ ಸ್ವಂತ ಮಾತು ಹುಡುಕಬೇಡಿ, ಸಾಲ ತಗೊಳ್ಳಿ. 13ನೇ ಕೀರ್ತನೆ ಆರೇ ವಚನ; ಶುರುವೇ ದೇವರೊಡನೆ ಜಗಳ, ಇನ್ನೆಷ್ಟು ದಿನ ಮರೆತಿರುತ್ತೀ ಎಂದು. 88ರಲ್ಲಂತೂ ಸಮಾಧಾನದ ಕೊನೆಯೂ ಇಲ್ಲ, ಆದರೂ ಅದನ್ನು ಯಾರೂ ತೆಗೆದುಹಾಕಲಿಲ್ಲ. ನೆರೆಯ ಕೊಂಕಣಿ ಕ್ಯಾಥೊಲಿಕ್ ಮನೆಗಳ ಸಂಜೆಯ ತೇರ್ಸನ್ನು, ಅಂದರೆ ಜಪಮಾಲೆಯ ಪ್ರಾರ್ಥನೆಯನ್ನು, ಬಾಯಿಪಾಠ ಎಂದು ನಮ್ಮ ಪ್ರಾಟೆಸ್ಟೆಂಟರು ಮೂಗು ಮುರಿಯುವುದುಂಟು. ಮಕ್ಕಳು ಆಕಳಿಸಿದರೂ ಹತ್ತು ಹತ್ತು ಮಣಿಯ ಐದು ಸುತ್ತು ಮುಗಿಯುತ್ತದಲ್ಲ. ಮನಸ್ಸಿಲ್ಲದ ದಿನಕ್ಕೂ ನಿಲ್ಲುವ ಕ್ರಮ ಅದು. ನಮ್ಮಲ್ಲಿ ಅಂಥದ್ದು ಕಡಿಮೆ.

ಒಂದನೇ ಅರಸುಗಳು 19ನ್ನೂ ಓದಿ. ಸಾಕು, ಸಾಯುತ್ತೇನೆ ಎಂದು ಗಿಡದಡಿ ಮಲಗಿದ ಪ್ರವಾದಿ ಎಲೀಯನಿಗೆ ದೂತ ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಅಂಥ ದಿನ ನೀವೂ ಮೊದಲು ಉಂಡು ಮಲಗಿ. ಎದ್ದ ಮೇಲೆ ಸಭೆಯ ಇಬ್ಬರನ್ನು ಮನೆಗೆ ಕರೆಯಿರಿ. ಅವರು ಪ್ರಾರ್ಥಿಸಲಿ, ನೀವು ಆಮೆನ್ ಅಂದರೆ ಆಯಿತು. ಬಂದವರು ಬುದ್ಧಿವಾದ ಶುರು ಮಾಡಿದರೆ ಚಾ ಕೊಟ್ಟು ಕಳಿಸಿ.