‘ಪಂಪ್ ಹೋಗಿದೆ’ ಅಂತ ಫೋನ್ ಬಂದರೆ

ಪೀಣ್ಯದ ಶೆಡ್ಡಿನಿಂದಾಗಲಿ ದಾಬಸ್‌ಪೇಟೆಯ ಗೋದಾಮಿನಿಂದಾಗಲಿ, ಫೋರ್ಕ್‌ಲಿಫ್ಟ್ ಕೆಟ್ಟಿದೆ ಅಂತ ಬರುವ ಕರೆಯಲ್ಲಿ ತೊಂದರೆ ಏನು ಅನ್ನುವುದಕ್ಕಿಂತ ಮೊದಲು ತೀರ್ಪೇ ಬಂದುಬಿಡುತ್ತದೆ. ‘ಪಂಪ್ ಹೋಗಿದೆ ಸಾರ್, ಬರುವಾಗ ಒಂದು ತಂದ್ಬಿಡಿ.’ ಅದನ್ನು ನಂಬಿ, ಎಣ್ಣೆ ಒತ್ತಿ ಫೋರ್ಕ್ ಎತ್ತಿಸುವ ಹೈಡ್ರಾಲಿಕ್ ಪಂಪ್ ಕಟ್ಟಿಕೊಂಡು ಹೋದರೆ ಅರ್ಧ ದಿನ ಹೋಗುತ್ತದೆ, ಹೊಸ ಪಂಪ್ ಕೂರುತ್ತದೆ, ಲಿವರ್ ಎಳೆದರೆ ಲಿಫ್ಟ್ ನಿನ್ನೆಯಷ್ಟೇ ನಿಧಾನ. ಬಿಚ್ಚಿದ ಪಂಪ್ ಚೆನ್ನಾಗಿಯೇ ಇತ್ತು ಅಂತ ಆಮೇಲೆ ಗೊತ್ತಾಗುತ್ತದೆ. ವರ್ಕ್‌ಶಾಪಿನಲ್ಲಿ ಇದು ನಡೆದೀತು. ಸೈಟಿಗೆ ಹೋಗಿ ಮಾಡುವ ಕೆಲಸದಲ್ಲಿ ಪಾನಾ ಕೈಗೆ ಬರುವ ಮೊದಲು ಮೀಟರು, ಗೇಜು ಕೈಯಲ್ಲಿರಬೇಕು.

ಅಳತೆ ಫೋನಿನಲ್ಲೇ ಶುರುವಾಗಲಿ. ಗಾಡಿ ಡೀಸೆಲ್ಲೋ ಬ್ಯಾಟರಿಯೋ? ಖಾಲಿ ಫೋರ್ಕೂ ನಿಧಾನವೋ, ಲೋಡ್ ಹಾಕಿದಾಗ ಮಾತ್ರವೋ? ಟಿಲ್ಟ್, ಅಂದರೆ ಹಿಂದೆ ಮುಂದೆ ಬಾಗುವುದು, ಸರಿ ಇದೆಯೋ? ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಬಿಸಿಯಾದ ಮೇಲೆ ಸುಸ್ತಾಗುತ್ತದೋ? ಎಷ್ಟು ಎತ್ತರಕ್ಕೆ ಹೋಗಿ ನಿಲ್ಲುತ್ತದೆ? ಜೊತೆಗೆ ಡೇಟಾ ಪ್ಲೇಟಿನ ಒಂದು ಫೋಟೊ ತರಿಸಿಕೊಳ್ಳಿ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್, ಎತ್ತುವ ತೂಕ, ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ಎತ್ತರ ಎಲ್ಲ ಇರುತ್ತದೆ. ಪ್ಲೇಟಿಗೆ ಪೇಂಟ್ ಬಳಿದಿದ್ದರೆ ಆ ಗಾಡಿಯನ್ನು ಯಾರು ಹೇಗೆ ನೋಡಿಕೊಂಡಿದ್ದಾರೆ ಅನ್ನುವುದೂ ಅರ್ಥವಾಗುತ್ತದೆ.

ಬ್ಯಾಟರಿ ಗಾಡಿ, ಲಿಫ್ಟ್ ಪೂರ್ತಿ ನಿಂತಿದೆ, ಓಡಾಟ ಮಾತ್ರ ಸರಿ ಅಂದರೆ ಹೊರಡುವ ಮುಂಚೆ ಬ್ಯಾಟರಿ ಮೀಟರ್ ಎಷ್ಟು ತೋರಿಸುತ್ತಿದೆ ಕೇಳಿ. ಚಾರ್ಜ್ ಸುಮಾರು 20 ಪರ್ಸೆಂಟ್‌ಗೆ ಇಳಿದಾಗ ಲಿಫ್ಟ್ ಮಾತ್ರ ಕಟ್ ಮಾಡುವ ವ್ಯವಸ್ಥೆ ಬಹಳ ಗಾಡಿಗಳಲ್ಲಿದೆ. ಬ್ಯಾಟರಿಯೊಳಗಿನ ಪ್ಲೇಟುಗಳು ಹಾಳಾಗದಿರಲಿ, ಗಾಡಿ ಚಾರ್ಜರ್ ತನಕವಾದರೂ ಹೋಗಲಿ ಅಂತ. ಇಂಥ ಕಡೆ ಬೇಕಾದದ್ದು ರಾತ್ರಿಯೆಲ್ಲ ಚಾರ್ಜು.

ಸೈಟಿಗೆ ಹೋದ ಮೇಲೆ ಗಾಡಿ ಸಮತಟ್ಟಾದ ನೆಲದಲ್ಲಿರಲಿ, ಫೋರ್ಕ್ ನೆಲ ಮುಟ್ಟಲಿ, ಚಕ್ರಕ್ಕೆ ಅಡ್ಡಗಟ್ಟೆ ಬೀಳಲಿ, ಕೀ ನಿಮ್ಮ ಜೇಬಿಗೆ ಬರಲಿ. ಎತ್ತಿದ ಮಾಸ್ಟಿನ ಕೆಳಗೆ ಕೈ ಹಾಕಲೇಬೇಕಾದರೆ ಒಳ ಮಾಸ್ಟನ್ನೂ ಹೊರ ಮಾಸ್ಟನ್ನೂ ಅಡ್ಡಪಟ್ಟಿಯಲ್ಲಿ ಸೇರಿಸಿ ಚೈನ್ ಕಟ್ಟಿ, ಫೋರ್ಕ್ ಹಿಡಿದಿರುವ ಕ್ಯಾರೇಜ್ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ಎಣ್ಣೆ ಮೇಲೆ ನಂಬಿಕೆ ಇಟ್ಟು ಕೆಳಗೆ ನಿಲ್ಲಬೇಡಿ. ಹೋಸ್ ಎಲ್ಲಿ ಸೋರುತ್ತದೆ ಅಂತ ಬೆರಳಿಂದ ತಡವಲೂಬೇಡಿ. ಕಣ್ಣಿಗೆ ಕಾಣದ ತೂತಿನಿಂದ ಬರುವ ಎಣ್ಣೆ ಚರ್ಮದೊಳಕ್ಕೆ ನುಗ್ಗುತ್ತದೆ. ರಟ್ಟಿನ ಚೂರು ಹಿಡಿದು ನೋಡಿ. ಅಕಸ್ಮಾತ್ ನುಗ್ಗಿದರೆ ನೋವಿಲ್ಲ ಅಂತ ಸುಮ್ಮನಿರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಈಗ ನಿಧಾನದ ಲಿಫ್ಟ್. ಮೊದಲು ಟ್ಯಾಂಕಿನ ಎಣ್ಣೆ, ಅದೂ ಮಾಸ್ಟ್ ಪೂರ್ತಿ ಇಳಿಸಿ. ಮಾಸ್ಟ್ ಮೇಲಿದ್ದಾಗ ಎಣ್ಣೆ ಸಿಲಿಂಡರಿನಲ್ಲಿರುತ್ತದೆ, ಡಿಪ್‌ಸ್ಟಿಕ್ ಒಣಗಿದ ಹಾಗೆ ಕಾಣುತ್ತದೆ. ಅದನ್ನು ನೋಡಿ ಎಣ್ಣೆ ಸುರಿದರೆ ಇಳಿಸಿದಾಗ ಟ್ಯಾಂಕಿನ ಗಾಳಿ ತೂತಾದ ಬ್ರೀದರ್‌ನಿಂದ ಉಕ್ಕುತ್ತದೆ. ನಿಜವಾಗಿ ಎಣ್ಣೆ ಕಡಿಮೆಯಿದ್ದರೆ ಅದರ ಲಕ್ಷಣವೇ ಬೇರೆ: ಕೆಳಗಿನಿಂದ ಚೆನ್ನಾಗಿಯೇ ಏರಿ, ಕೊನೆಯ ಒಂದೆರಡು ಅಡಿ ಬಾಕಿ ಇರುವಾಗ ನಡುಗಿ ನಿಲ್ಲುತ್ತದೆ. ಹಾಕುವ ಎಣ್ಣೆಯ ಮಂದತನ 46 ನಂಬರೋ 68 ನಂಬರೋ ಅನ್ನುವುದನ್ನು ಗಾಡಿಯ ಪುಸ್ತಕದಲ್ಲಿ ನೋಡಿ, ಡ್ರಮ್ಮಿನಲ್ಲಿ ಉಳಿದದ್ದನ್ನು ಸುರಿಯಬೇಡಿ. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಿದ್ದರೆ ಒಂದು ಲೋಟಕ್ಕೆ ತೆಗೆದು ಸ್ವಲ್ಪ ಹೊತ್ತು ಇಡಿ. ಗುಳ್ಳೆಗಳೆದ್ದು ತಿಳಿಯಾದರೆ ಗಾಳಿ, ಬೆಳ್ಳಗೇ ಉಳಿದರೆ ನೀರು.

ಗಾಳಿಯಾದರೆ ಪಂಪಿಗೆ ಎಣ್ಣೆ ಬರುವ ದಾರಿ ಹುಡುಕಿ. ಪಂಪ್ ಜಲ್ಲಿಕಲ್ಲು ಅರೆಯುವ ಹಾಗೆ ಸದ್ದು ಮಾಡುತ್ತಿದ್ದರೆ ಅದು ಸವೆದಿದೆ ಅನ್ನುವುದಕ್ಕಿಂತ ಅದಕ್ಕೆ ಎಣ್ಣೆ ಸಾಲುತ್ತಿಲ್ಲ ಅನ್ನುವ ಸಾಧ್ಯತೆಯೇ ಹೆಚ್ಚು. ಟ್ಯಾಂಕಿನೊಳಗಿನ ಜಾಲರಿ ಕಟ್ಟಿರಬಹುದು, ಸಕ್ಷನ್ ಹೋಸ್ ಒಳಗಿನ ಪದರ ಬಿಟ್ಟು ಮಡಚಿಕೊಂಡಿರಬಹುದು, ಕ್ಲಾಂಪ್ ಸಡಿಲವಾಗಿರಬಹುದು. ಸಡಿಲ ಕ್ಲಾಂಪ್ ಹೊರಗೆ ಒಂದು ಹನಿಯನ್ನೂ ಸೋರದೆ ಒಳಗೆ ಗಾಳಿ ಎಳೆಯುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಜಿನ್ ಓಡುತ್ತಿರುವಾಗ ಕ್ಲಾಂಪಿನ ಸುತ್ತ ಗ್ರೀಸ್ ಮೆತ್ತಿ. ಸದ್ದು ಬದಲಾದರೆ ಕಳ್ಳ ಅಲ್ಲೇ ಇದ್ದಾನೆ. ಖರ್ಚು ಒಂದು ಕ್ಲಾಂಪು.

ಅಲ್ಲೂ ಏನೂ ಸಿಗದಿದ್ದರೆ ಗೇಜ್. 250 ಬಾರ್ ಗೇಜು, ಒಂದು ಹೋಸು, ನಾಲ್ಕಾರು ಅಡಾಪ್ಟರು ಬ್ಯಾಗಿನಲ್ಲಿಲ್ಲದೆ ಹೈಡ್ರಾಲಿಕ್ ಕೆಲಸಕ್ಕೆ ಹೋಗುವುದು ಥರ್ಮಾಮೀಟರ್ ಇಲ್ಲದೆ ಜ್ವರ ನೋಡಿದ ಹಾಗೆ. ಪಂಪಿನ ಔಟ್‌ಲೆಟ್‌ನಲ್ಲಿ ಅಥವಾ ವಾಲ್ವಿನ ಟೆಸ್ಟ್ ಪೋರ್ಟಿನಲ್ಲಿ ಕೂರಿಸಿ. ಎಣ್ಣೆ ಬೆಚ್ಚಗಾಗಲಿ. ಲಿಫ್ಟನ್ನು ತುದಿಗೆ ಒಯ್ದು ಲಿವರ್ ಎರಡು ಮೂರು ಸೆಕೆಂಡು ಹಿಡಿದು ಓದಿ, ಅದಕ್ಕಿಂತ ಹೆಚ್ಚು ಹಿಡಿದರೆ ಎಣ್ಣೆ ಕಾಯುತ್ತದೆ. ಟಿಲ್ಟಿಗೆ ಬೇರೆ, ಕಡಿಮೆ ಒತ್ತಡದ ರಿಲೀಫ್ (ಒತ್ತಡ ಮಿತಿ ಮೀರದಂತೆ ಎಣ್ಣೆ ಬಿಟ್ಟುಕೊಡುವ ಭಾಗ) ಇರುವ ವಾಲ್ವುಗಳೂ ಇವೆ. ಟಿಲ್ಟ್ ಹಿಡಿದು ಓದಿ ಲಿಫ್ಟ್ ಒತ್ತಡ ಕಡಿಮೆ ಅಂತ ತಿಳಿಯಬೇಡಿ.

ಒತ್ತಡ ಪುಸ್ತಕದಲ್ಲಿ ಬರೆದಷ್ಟಿದೆ, ಲಿಫ್ಟ್ ಮಾತ್ರ ನಿಧಾನ: ಕೊರತೆ ಇರುವುದು ಎಣ್ಣೆಯ ಹರಿವಿನಲ್ಲಿ. ಡೀಸೆಲ್ ಗಾಡಿಯಾದರೆ ಇಂಜಿನ್ ಪೂರ್ತಿ ರೇಸ್ ಆಗುತ್ತಿದೆಯೇ, ಆಕ್ಸಿಲರೇಟರ್ ಕೇಬಲ್ ತುದಿ ಮುಟ್ಟುತ್ತಿದೆಯೇ ನೋಡಿ. ಒತ್ತಡವೇ ಕಡಿಮೆಯಿದ್ದರೆ ರಿಲೀಫ್ ವಾಲ್ವಿನ ಲಾಕ್‌ನಟ್ ಬಿಚ್ಚಿ, ಸ್ಕ್ರೂ ಇದ್ದ ಜಾಗ ಗುರುತು ಮಾಡಿಕೊಂಡು, ಕಾಲು ಸುತ್ತು ಒಳಗೆ ತಿರುಗಿಸಿ. ಗೇಜ್ ಏರಿದರೆ ಪಂಪಿಗೆ ಇನ್ನೂ ಶಕ್ತಿಯಿದೆ, ರಿಲೀಫಿನ ಸ್ಪ್ರಿಂಗ್ ಸೋತಿದೆ. ಅಲುಗದಿದ್ದರೆ ಸ್ಕ್ರೂ ಗುರುತಿಗೇ ವಾಪಸ್ ತಂದು, ರಿಲೀಫ್ ಬಿಚ್ಚಿ, ಸೀಟಿನಲ್ಲಿ ಕಸ ಸಿಕ್ಕಿದೆಯೇ ನೋಡಿ. ಅಲ್ಲೂ ಸ್ವಚ್ಛವಾಗಿದ್ದರೆ ಮಾತ್ರ ಪಂಪಿನ ಮೇಲೆ ಅನುಮಾನ. ತಣ್ಣಗಿದ್ದಾಗ ಚುರುಕು, ಬಿಸಿಯಾದ ಮೇಲೆ ಜೋಭದ್ರ ಅನ್ನುವ ದೂರೂ ಜೊತೆಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ: ಗೇರುಗಳ ಸಂದು ಸವೆದು ಅಗಲವಾಗಿದೆ, ತೆಳ್ಳಗಾದ ಎಣ್ಣೆ ಅಲ್ಲೇ ಹಿಂದಕ್ಕೆ ಜಾರುತ್ತಿದೆ. ರಿಲೀಫ್ ಬಿಗಿದು ಬರೆದದ್ದಕ್ಕಿಂತ ಹೆಚ್ಚು ಒತ್ತಡ ಕೊಟ್ಟು ‘ಜಾಸ್ತಿ ತೂಕ ಎತ್ತೋ ಹಾಗೆ ಮಾಡಿಕೊಡಿ’ ಅಂತ ಕೇಳುವ ಸೂಪರ್‌ವೈಸರ್‌ಗಳಿದ್ದಾರೆ. ಆ ಗಾಡಿ ತೂಕ ಎತ್ತುವುದಿಲ್ಲ, ಹಿಂದಿನ ಚಕ್ರ ಎತ್ತುತ್ತದೆ.

ಇನ್ನೊಂದು ದೂರು, ಎತ್ತಿದ ಲೋಡ್ ತಾನಾಗಿಯೇ ಇಳಿಯುವುದು. ಸ್ವಲ್ಪ ಇಳಿಯುವುದು ಸಹಜ. ಎಣ್ಣೆ ಬಿಸಿಯಿದ್ದು ಪೂರ್ತಿ ಲೋಡಿದ್ದಾಗ 10 ನಿಮಿಷಕ್ಕೆ 100 ಮಿ.ಮೀ. ಮೀರಬಾರದು ಅನ್ನುವುದು ಐಎಸ್‌ಒ ಮಾನದಂಡದ ಮಿತಿ. ಮಾಸ್ಟಿನ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಗಡಿಯಾರ ನೋಡಿ. ಮಿತಿ ಮೀರಿದ್ದರೆ ಮುಂದಿನ ಪ್ರಶ್ನೆ, ಸಿಲಿಂಡರಿನ ಪ್ಯಾಕಿಂಗೋ (ಎಣ್ಣೆ ತಡೆಯುವ ಸೀಲ್), ವಾಲ್ವಿನ ಸ್ಪೂಲೋ (ಒಳಗೆ ಜಾರಿ ಎಣ್ಣೆಯ ದಾರಿ ತೆರೆದು ಮುಚ್ಚುವ ಕಡ್ಡಿ)? ಇಲ್ಲಿಯೂ ಊಹಿಸಿ ಎರಡನ್ನೂ ಬಿಚ್ಚುವವರಿದ್ದಾರೆ. ಬೇಕಿಲ್ಲ. ಲಿಫ್ಟ್ ಸಿಲಿಂಡರಿಗೆ ಎಣ್ಣೆ ಒಂದೇ ಕಡೆ ಕೆಲಸ ಮಾಡುತ್ತದೆ. ಪಿಸ್ಟನ್ ಇರುವ ಸಿಲಿಂಡರುಗಳಲ್ಲಿ ಪ್ಯಾಕಿಂಗ್ ದಾಟಿ ಮೇಲೆ ಬಂದ ಎಣ್ಣೆಯನ್ನು ಟ್ಯಾಂಕಿಗೆ ಒಯ್ಯಲು ಸಣ್ಣ ರಿಟರ್ನ್ ಹೋಸ್ ಒಂದಿರುತ್ತದೆ. ಫೋರ್ಕ್ ಕೆಳಗೆ ಪ್ಯಾಲೆಟ್ ಜೋಡಿಸಿ, ಅದಕ್ಕಿಂತ ಒಂದು ಗೇಣು ಮೇಲೆ ಲೋಡ್ ನಿಲ್ಲಿಸಿ, ಇಂಜಿನ್ ಆರಿಸಿ, ಆ ಹೋಸಿನ ಟ್ಯಾಂಕ್ ಕಡೆಯ ತುದಿ ಬಿಚ್ಚಿ ಬಾಟಲಿಗೆ ಬಿಡಿ. ಹೋಸಿನಲ್ಲಿ ಉಳಿದಿದ್ದ ಎಣ್ಣೆ ಇಳಿದ ಮೇಲೂ ತೊಟ್ಟಿಕ್ಕುತ್ತಲೇ ಇದ್ದರೆ ಸೀಲ್ ಕಿಟ್ ತರಿಸಿ. ಬಾಟಲಿ ಖಾಲಿ, ಲೋಡ್ ಇಳಿಯುತ್ತಿದೆ, ಹೊರಗೆಲ್ಲೂ ಸೋರಿಕೆಯಿಲ್ಲ ಅಂದರೆ ಸ್ಪೂಲ್. ಸ್ಪೂಲನ್ನು ಎಮರಿ ಪೇಪರಿನಲ್ಲಿ ಉಜ್ಜಿ ಸರಿ ಮಾಡುತ್ತೇನೆ ಅನ್ನುವುದು ಭ್ರಮೆ. ಅದು ತನ್ನ ತೂತಿಗೆ ಮೈಕ್ರಾನ್ ಲೆಕ್ಕದಲ್ಲಿ ಕೂತಿರುತ್ತದೆ, ಉಜ್ಜಿದಷ್ಟೂ ಸೋರಿಕೆ ಹೆಚ್ಚು. ಪಿಸ್ಟನ್ ಇಲ್ಲದ ರ‍್ಯಾಮ್ ಮಾದರಿಗಳಲ್ಲಿ ಈ ಹೋಸ್ ಇರುವುದಿಲ್ಲ, ಸೀಲ್ ಹೋದರೆ ತಲೆಯ ಹತ್ತಿರ ಹೊರಗೇ ಕಾಣುತ್ತದೆ. ಹೊಸ ಸೀಲ್ ಹಾಕುವ ಮುನ್ನ ರಾಡಿನ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಆ ಸೀಲೂ ಬಹಳ ದಿನ ಬಾಳುವುದಿಲ್ಲ.

ಬ್ಯಾಟರಿ ಗಾಡಿಯಲ್ಲಿ ಲಿಫ್ಟೂ ಓಟವೂ ಎರಡೂ ಸುಸ್ತು ಅಂದರೆ ಎಣ್ಣೆ ಕಡೆಗೆ ಹೋಗಲೇಬೇಡಿ. 48 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ 2 ವೋಲ್ಟಿನ 24 ಸೆಲ್‌ಗಳು. ಒಟ್ಟು ವೋಲ್ಟ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ, ಲೋಡಿಲ್ಲದಾಗ ಸತ್ತ ಸೆಲ್ಲೂ ಚೆನ್ನಾಗಿ ನಟಿಸುತ್ತದೆ. ಡ್ರೈವರಣ್ಣನನ್ನು ಸೀಟಿಗೆ ಕೂರಿಸಿ ಟಿಲ್ಟ್ ತುದಿಯಲ್ಲಿ ಐದು ಸೆಕೆಂಡು ಹಿಡಿಸಿ, ಬಿಡಿಸಿ, ಮತ್ತೆ ಹಿಡಿಸಿ, ಆ ಹೊತ್ತಿನಲ್ಲಿ ಒಂದೊಂದೇ ಸೆಲ್ ಅಳೆಯಿರಿ. ಎಲ್ಲವೂ 1.9 ಆಸುಪಾಸಿನಲ್ಲಿದ್ದು ಒಂದು 1.7ಕ್ಕಿಂತ ಕೆಳಗೆ ಬಿದ್ದರೆ ಅದೇ ರೋಗಿ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ: ಪೂರ್ತಿ ಚಾರ್ಜಿಗೆ ಸುಮಾರು 1.280, ಇನ್ನು ಓಡಿಸಬಾರದು ಅನ್ನುವ ಮಟ್ಟಕ್ಕೆ ಸುಮಾರು 1.150. ಒಂದು ಸೆಲ್ ಉಳಿದವಕ್ಕಿಂತ 0.030ಕ್ಕಿಂತ ಹೆಚ್ಚು ಹಿಂದಿದ್ದರೆ ಬಿಡಬೇಡಿ. ಆ ಸೆಲ್ ದಾಟಿಸಿ ಕೇಬಲ್ ಕೊಟ್ಟರೆ ಇವತ್ತಿಗೆ ಗಾಡಿ ಓಡುತ್ತದೆ, ನಿಜ. ಆದರೆ ಚಾರ್ಜರಿಗೆ 24 ಸೆಲ್‌ನ ಲೆಕ್ಕವೇ ಗೊತ್ತು, ಉಳಿದ 23ನ್ನು ಕಾಯಿಸುತ್ತಾ ಹೋಗುತ್ತದೆ.

ನೀರು ಹಾಕುವುದು ಚಾರ್ಜ್ ಮುಗಿದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜಿನಲ್ಲಿ ಉಬ್ಬಿ ಆಸಿಡ್ ಹೊರಗೆ ಹರಿಯುತ್ತದೆ. ಪ್ಲೇಟ್ ಬರಿದಾಗಿ ಕಾಣುತ್ತಿದ್ದರೆ ಮುಳುಗುವಷ್ಟು ಮಾತ್ರ ಮುಂಚೆ ಹಾಕಬಹುದು. ಡಿಸ್ಟಿಲ್ಡ್ ವಾಟರ್ ಮಾತ್ರ. ಬೆಂಗಳೂರಿನ ಸುತ್ತಲಿನ ಬೋರ್‌ವೆಲ್ ನೀರು ಬಕೆಟ್ಟಿಗೇ ಬಿಳಿ ಕರೆ ಕಟ್ಟಿಸುತ್ತದೆ, ಪ್ಲೇಟನ್ನು ಬಿಟ್ಟೀತೇ? ಉಕ್ಕಿದ ಆಸಿಡ್ ಇನ್ನೊಂದು ಕಾಟ ಕೊಡುತ್ತದೆ. ಬ್ಯಾಟರಿಯ ಪ್ಲಸ್‌ಗೂ ಗಾಡಿಯ ಬಾಡಿಗೂ ನಡುವೆ ಮೀಟರ್ ಹಿಡಿಯಿರಿ, ಮೈನಸ್‌ಗೂ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕಾದದ್ದು ಹತ್ತಿಪ್ಪತ್ತು ವೋಲ್ಟ್ ತೋರಿಸಿದರೆ ಒದ್ದೆ ಆಸಿಡ್ ಮೂಲಕ ಕರೆಂಟ್ ಬಾಡಿಗೆ ಇಳಿಯುತ್ತಿದೆ. ಒಮ್ಮೆ ಬಂದು ಒಮ್ಮೆ ಹೋಗುವ, ಅರ್ಥವಿಲ್ಲದ ಎರರ್ ಕೋಡುಗಳಿಗೆ ಇದೂ ಒಂದು ಮೂಲ. ಮುಚ್ಚಳಗಳನ್ನೆಲ್ಲ ಬಿಗಿದು, ಲೀಟರ್ ನೀರಿಗೆ 100 ಗ್ರಾಂ ಅಡುಗೆ ಸೋಡಾ ಕಲಸಿ ಮೇಲ್ಭಾಗ ತೊಳೆಯಿರಿ, ನೊರೆ ನಿಂತ ಮೇಲೆ ಸಾದಾ ನೀರು.

ಕೋಡ್ ವಿಷಯ ಬಂತಲ್ಲ. ಕರ್ಟಿಸ್ ಕಂಪನಿಯ ಎಸಿ ಕಂಟ್ರೋಲರ್ (ಮೋಟರ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇರುವ ಬ್ಯಾಟರಿ ಗಾಡಿಗಳಲ್ಲಿ ಲ್ಯಾಪ್‌ಟಾಪ್ ಇಲ್ಲದಿದ್ದರೂ ಲೈಟ್ ಮಿನುಗುವುದನ್ನು ಎಣಿಸಬಹುದು. 47 ಬಂದರೆ ಏನೂ ಕೆಟ್ಟಿಲ್ಲದಿರಬಹುದು, ಪೆಡಲ್ ಒತ್ತಿಕೊಂಡು ಅಥವಾ ಡೈರೆಕ್ಷನ್ ಹಾಕಿಕೊಂಡು ಕೀ ಆನ್ ಮಾಡಿದ್ದಾರೆ. ಬಿಟ್ಟು, ಆಫ್ ಮಾಡಿ, ಮತ್ತೆ ಆನ್ ಮಾಡಿ. ಹಾಗೂ ಬಂದರೆ ಪೆಡಲ್ ಸ್ವಿಚ್ ಅಂಟಿಕೊಂಡಿದೆ. 36 ಅಂದರೆ ಮೋಟರಿನ ತಿರುಗುವ ವೇಗ ಅಳೆಯುವ ಎನ್‌ಕೋಡರ್: ಮೋಟರ್ ಬಿಚ್ಚುವ ಮೊದಲು ಅದರ ಪ್ಲಗ್ ಬಿಚ್ಚಿ ಪಿನ್‌ಗಳಲ್ಲಿ ಹಸಿರು ಕಟ್ಟಿದೆಯೇ ನೋಡಿ. 23 ಅಂದರೆ ವೋಲ್ಟ್ ಕುಸಿಯುತ್ತಿದೆ, ಮತ್ತೆ ಬ್ಯಾಟರಿ ಹತ್ತಿರ ಹೋಗಿ. 38 ಅಂದರೆ ಮೇನ್ ಕಾಂಟ್ಯಾಕ್ಟರ್ (ಬ್ಯಾಟರಿ ಕರೆಂಟ್ ಜೋಡಿಸುವ ದೊಡ್ಡ ಸ್ವಿಚ್) ಅಂಟಿಕೊಂಡಿರಬಹುದು. ಕಂಟ್ರೋಲರ್ ಮುಟ್ಟುವ ಮೊದಲು ಓಡುವ ಚಕ್ರ ನೆಲದಿಂದ ಎತ್ತಿ, ಬ್ಯಾಟರಿ ಪ್ಲಗ್ ಕೀಳಿ, ಪ್ಲಸ್ ಮೈನಸ್ ನಡುವೆ ಕಾಂಟ್ಯಾಕ್ಟರ್ ಕಾಯಿಲ್‌ನಂಥ ಲೋಡ್ ಹಿಡಿದು ಕೆಪಾಸಿಟರ್ ಖಾಲಿ ಮಾಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಕಂಟ್ರೋಲರಿಗೂ ಕಣ್ಣಿಗೂ ಒಳ್ಳೆಯದಲ್ಲ.

ಡೀಸೆಲ್ ಗಾಡಿ ಸ್ಟಾರ್ಟ್ ಆಗದಿದ್ದರೆ ಕತೆ ಚಿಕ್ಕದು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ, ಟರ್ಮಿನಲ್, ಸೆಲ್ಫ್ ನೋಡಿ. ಕೀ ತಿರುಗಿಸಿದರೂ 12ರಿಂದ ಕದಲದಿದ್ದರೆ ನ್ಯೂಟ್ರಲ್ ಸ್ವಿಚ್, ರಿಲೇ. ಸೆಲ್ಫ್ ತಿರುಗಿಯೂ ಹೊಗೆಯೇ ಬರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಸ್ಟಾಪ್ ಸೊಲೆನಾಯ್ಡ್ ಟಕ್ ಅನ್ನುತ್ತದೆಯೇ ಕೇಳಿ, ಫಿಲ್ಟರಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಕೈಪಂಪ್ ಒತ್ತಿ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವ ಹಳೇ ವಿದ್ಯೆ ತೋರಿಸಬೇಡಿ. ಆ ಒತ್ತಡದ ಡೀಸೆಲ್ ಚರ್ಮ ಸೀಳುತ್ತದೆ.

ಬ್ರೇಕ್ ಎಣ್ಣೆ ಕಡಿಮೆಯಿದೆ ಅಂತ ಡಾಟ್ 3 ಬಾಟಲಿ ತೆರೆಯುವ ಮುನ್ನ ಡಬ್ಬಿಯ ಮುಚ್ಚಳ ಓದಿ. ಕೆಲವು ಗಾಡಿಗಳ ಬ್ರೇಕ್ ಮಿನರಲ್ ಎಣ್ಣೆಯಲ್ಲಿ ಓಡುತ್ತದೆ. ಒಂದರದ್ದು ಇನ್ನೊಂದಕ್ಕೆ ಬಿದ್ದರೆ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ತಪ್ಪಾಗಿ ಬಿದ್ದಿದ್ದರೆ ತೊಳೆದರೆ ಸಾಲದು, ಮಾಸ್ಟರ್ ಸಿಲಿಂಡರಿನಿಂದ ಚಕ್ರದ ತನಕ ರಬ್ಬರ್ ಬದಲಾಯಿಸಬೇಕು.

ಯಾವ ಕೆಲಸಕ್ಕೆ ಹೋದರೂ ಹೊರಡುವ ಮುನ್ನ ಟೇಪು, ಕ್ಯಾಲಿಪರ್ ಹಿಡಿದು ಹತ್ತು ನಿಮಿಷ ಕೊಡಿ. ಲಿಫ್ಟ್ ಚೈನಿನಲ್ಲಿ ಪುಲ್ಲಿ ಮೇಲೆ ಹಾಯುವ ಭಾಗವೇ ಹೆಚ್ಚು ಸವೆಯುವುದು, ಅಲ್ಲೇ 20 ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ) ಅಳೆಯಿರಿ. 15.875 ಮಿ.ಮೀ. ಪಿಚ್ಚಿನ ಚೈನಾದರೆ ಹೊಸದರಲ್ಲಿ 317.5. ಶೇಕಡಾ 3 ಹಿಗ್ಗಿ 327 ಮುಟ್ಟಿದರೆ ಎರಡೂ ಕಡೆಯ ಚೈನು, ಆಂಕರ್ ಪಿನ್ನು ಒಟ್ಟಿಗೇ ಬದಲಾಗಬೇಕು. ಹೊರಗೆ ಮೆತ್ತಿದ ಗ್ರೀಸ್ ಚೈನಿನ ಪಿನ್ನಿನ ತನಕ ಇಳಿಯುವುದಿಲ್ಲ, ಎಣ್ಣೆಯೇ ಬೇಕು. ಫೋರ್ಕ್ ಬಗ್ಗುವ ಮೂಲೆಯ ದಪ್ಪವನ್ನು ಅದರದೇ ನೆಟ್ಟನೆಯ ಭಾಗದ ದಪ್ಪಕ್ಕೆ ಹೋಲಿಸಿ: 40 ಮಿ.ಮೀ. ಇದ್ದದ್ದು 36ಕ್ಕೆ ಇಳಿದರೆ ಆ ಫೋರ್ಕ್ ಮುಗಿಯಿತು. ಶೇಕಡಾ 10 ಸವೆದರೆ ಬಲ ಸುಮಾರು ಶೇಕಡಾ 20 ಹೋಗಿರುತ್ತದೆ. ಎರಡು ಫೋರ್ಕುಗಳ ತುದಿಯ ಎತ್ತರದ ವ್ಯತ್ಯಾಸ ಉದ್ದದ ಶೇಕಡಾ 3 ದಾಟಬಾರದು, 1070 ಮಿ.ಮೀ. ಫೋರ್ಕಿಗೆ 32. ಸವೆದದ್ದಕ್ಕೆ ವೆಲ್ಡಿಂಗ್ ತುಂಬಿಸಿ ಅಂತ ಕೇಳಿದರೆ ಇಲ್ಲ ಅನ್ನಿ, ಬಿಲ್ಲಿನ ಮೇಲೂ ‘ಫೋರ್ಕ್ ಬದಲಿಸಬೇಕು’ ಅಂತ ಅಳತೆ ಸಮೇತ ಬರೆದು ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಿ.

ಗಾಳಿ ಟೈರಿನ ಗಾಡಿಯಲ್ಲಿ ಚಕ್ರ ಬಿಚ್ಚಬೇಕಾಗಿ ಬಂದರೆ ಒಂದು ಮಾತು. ಫೋರ್ಕ್‌ಲಿಫ್ಟ್ ರಿಮ್ ಬಹಳ ಕಡೆ ಎರಡು ಹೋಳು, ನಟ್ಟಿನಲ್ಲಿ ಸೇರಿಸಿದ್ದು. ಹಬ್ಬಿನ ನಟ್ ಯಾವುದು, ಹೋಳು ಹಿಡಿದಿರುವ ನಟ್ ಯಾವುದು ಅಂತ ತಿಳಿಯದೆ ಗಾಳಿ ತುಂಬಿದ ಟೈರಿಗೆ ಪಾನಾ ಹಾಕಿದರೆ ರಿಮ್ ಬಾಂಬಿನಂತೆ ಸಿಡಿಯುತ್ತದೆ. ಮೊದಲು ವಾಲ್ವಿನ ಕಡ್ಡಿ ಕಿತ್ತು ಪೂರ್ತಿ ಗಾಳಿ ಬಿಡಿ, ತಂತಿ ತೂರಿಸಿ ದಾರಿ ಕಟ್ಟಿಲ್ಲ ಅಂತ ನೋಡಿಕೊಳ್ಳಿ, ಆಮೇಲೆ ನಟ್.