ಅಮ್ಮನ ಮೆಟ್ಟಿಲಿಗೆ ಕುರ್ಚಿ ಆರಿಸುವಾಗ

ಮೈಸೂರಿನ ಕುವೆಂಪುನಗರದಲ್ಲಿರುವ ಅಮ್ಮನ ಮನೆಗೆ ಸ್ಟೇರ್‌ಲಿಫ್ಟ್ ಹಾಕಿಸಿದ್ದೇವೆ. ವಿಷಯ ಗೊತ್ತಾದವರೆಲ್ಲ ಕೇಳುವುದು ಎರಡೇ. ಯಾವ ಕಂಪನಿದು? ಎಷ್ಟಾಯ್ತು? ಕೇಳಬೇಕಾದ ಪ್ರಶ್ನೆಗಳೇ, ಇಲ್ಲ ಅನ್ನುವುದಿಲ್ಲ. ಆದರೆ ವಿಚಾರಿಸುತ್ತಾ ಹೋದ ಹಾಗೆ ನನಗೆ ಮನದಟ್ಟಾದ ಮಾತು ಬೇರೆ. ಕುರ್ಚಿ ಮೆಟ್ಟಿಲ ಮೇಲೆ ಹೋಗುವಾಗ ವಯಸ್ಸಾದವರಿಗೆ ಅಂಥಾ ಕಷ್ಟ ಏನೂ ಇಲ್ಲ, ಸುಮ್ನೆ ಕೂತಿದ್ದರೆ ಆಯಿತು. ಕಷ್ಟ ಇರುವುದು ಎರಡು ತುದಿಗಳಲ್ಲಿ. ಕೆಳಗೆ ಕೂರುವಾಗ, ಮೇಲೆ ಎದ್ದು ಇಳಿಯುವಾಗ. ಆ ಎರಡು ಜಾಗ ನೋಡಿಕೊಂಡು ಆರಿಸಿದರೆ ಉಳಿದದ್ದೆಲ್ಲ ಸಲೀಸು.

ನೋಡದೇ ಇರುವವರಿಗೆ ಒಂದು ಮಾತು. ಮೆಟ್ಟಿಲ ಪಕ್ಕಕ್ಕೆ ಉದ್ದಕ್ಕೂ ಒಂದು ಹಳಿ ಹಾಕಿರುತ್ತಾರೆ, ಅದರ ಮೇಲೆ ಒಂದು ಕುರ್ಚಿ ಹತ್ತಿ ಇಳಿಯುತ್ತದೆ. ಹಳಿಯಲ್ಲಿ ಹಲ್ಲಿನ ಪಟ್ಟಿ ಇರುತ್ತದೆ, ಕುರ್ಚಿಯ ಕೆಳಗಿನ ಮೋಟರಿನ ಗೇರ್ ಅದನ್ನು ಕಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಜಾರುವ ಮಾತಿಲ್ಲ. ಯುರೋಪಿನ ಇಎನ್ 81-40 ಮಾನದಂಡದ ಪ್ರಕಾರ ವೇಗ ಸೆಕೆಂಡಿಗೆ 15 ಸೆಂ.ಮೀ. ದಾಟುವ ಹಾಗಿಲ್ಲ. ಒಂದು ಮಹಡಿ ಹತ್ತಲು ಮುಕ್ಕಾಲು ನಿಮಿಷ, ತಿರುವಿದ್ದರೆ ಒಂದು ನಿಮಿಷದ ಮೇಲೆ. ಅಮ್ಮನ ವೇಗಕ್ಕೆ ಅದೇ ಸರಿ.

ನಿಜವಾಗಲೂ ಬೇಕಾ ಅನ್ನುವುದನ್ನು ಮೊದಲು ಯೋಚಿಸಬೇಕು. ಎಷ್ಟೋ ಮನೆಗಳಲ್ಲಿ ಮೆಟ್ಟಿಲಿನ ಒಂದೇ ಕಡೆ ಕಟಾಂಜನ ಇರುತ್ತದೆ, ಗೋಡೆ ಕಡೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಎರಡೂ ಕಡೆ ಗಟ್ಟಿ ಹಿಡಿಕೆ, ಕೆಳಗೂ ಮೇಲೂ ಲೈಟಿನ ಸ್ವಿಚ್, ನುಣ್ಣನೆ ಗ್ರಾನೈಟಿನ ಅಂಚಿಗೆ ಜಾರದ ಪಟ್ಟಿ, ಇಷ್ಟಕ್ಕೇ ಕೆಲವರಿಗೆ ಇನ್ನೂ ಕೆಲವು ವರ್ಷ ಸಾಗುತ್ತದೆ. ಮಲಗುವ ಕೋಣೆಯನ್ನೇ ಕೆಳಗೆ ತರುವುದು ಇನ್ನೊಂದು ದಾರಿ. ನಮ್ಮಣ್ಣ ಅದನ್ನೇ ಹೇಳಿದ್ದ. ಅಮ್ಮ ಒಪ್ಪಲಿಲ್ಲ. "ಹಾಲ್ ಪಕ್ಕದ ಆ ಸಣ್ಣ ರೂಮಲ್ಲಿ ಇರೋಕೆ ನಾನೇನು ಬಾಡಿಗೆಗೆ ಬಂದಿದೀನಾ ಕಣೋ?" ಅಂದರು. ಕೆಳಗೆ ಬಚ್ಚಲು ಹಿತ್ತಲ ಕಡೆ ಇದೆ, ರಾತ್ರಿ ಎದ್ದು ಅಲ್ಲಿಗೆ ಹೋಗುವುದು ಮೆಟ್ಟಿಲಿಗಿಂತ ಅಪಾಯ. ಅಡುಗೆಮನೆ, ತುಳಸಿಕಟ್ಟೆ ಕೆಳಗೆ. ಮಂಚ, ಅಟ್ಯಾಚ್ಡ್ ಬಾತ್‌ರೂಮು, ಮಲ್ಲಿಗೆ ಕುಂಡಗಳ ಬಾಲ್ಕನಿ ಮೇಲೆ. ಎರಡೂ ಬೇಕು ಅವರಿಗೆ, ಮಂಡಿ ಮಾತ್ರ ಬಿಡುತ್ತಿಲ್ಲ.

ಮನೆಯೊಳಗೇ ಪೂರ್ತಿ ಲಿಫ್ಟ್ ಹಾಕಿಸಬಹುದಲ್ವಾ ಅಂತಲೂ ವಿಚಾರಿಸಿದೆವು. ಕಟ್ಟಿ ಮುಗಿದ ಮನೆಯಲ್ಲಿ ಅದಕ್ಕೆ ಮೋಲ್ಡ್ ಕೊರೆಯಬೇಕು, ಎರಡೂ ಮಹಡಿಯಲ್ಲಿ ಜಾಗ ಬಿಡಬೇಕು, ಕರ್ನಾಟಕದ 2012ರ ಲಿಫ್ಟ್ ಕಾಯ್ದೆ ಪ್ರಕಾರ ವಿದ್ಯುತ್ ಪರಿವೀಕ್ಷಣಾಲಯದ ಅನುಮತಿ, ಪರವಾನಗಿ ನೋಡಿಕೊಳ್ಳಬೇಕು. ಗಾಲಿಕುರ್ಚಿಯಲ್ಲಿ ಇರುವವರಿಗೆ ಮಾತ್ರ ಆ ದಾರಿಯೇ ಸರಿ. ಇದನ್ನು ಒತ್ತಿ ಹೇಳುತ್ತೇನೆ. ಸ್ಟೇರ್‌ಲಿಫ್ಟ್ ಯಾರಿಗೆ ಅಂದರೆ, ತಾವೇ ಎದ್ದು ನಿಂತು, ಎರಡು ಹೆಜ್ಜೆ ಇಟ್ಟು, ತಿರುಗಿ ಕೂರಬಲ್ಲವರಿಗೆ. ಕೂರಿಸಲು, ಎಬ್ಬಿಸಲು ಇಬ್ಬರು ಬೇಕು ಅನ್ನುವ ಸ್ಥಿತಿ ಇದ್ದರೆ ಬೇಡ. ಮರೆವಿನ ಕಾಯಿಲೆಯಿದ್ದು, ಅರ್ಧದಲ್ಲಿ ಬೆಲ್ಟ್ ಬಿಚ್ಚಿ ಏಳಬಹುದು ಅನ್ನುವ ಭಯ ಇದ್ದರೂ ಬೇಡ, ಜೊತೆಗೆ ಸದಾ ಯಾರಾದರೂ ಇದ್ದರೆ ಆಗ ನೋಡಬಹುದು.

ಇನ್ನು ಮೆಟ್ಟಿಲಿನ ಆಕಾರ. ದುಡ್ಡಿನ ಲೆಕ್ಕ ನಿಂತಿರುವುದೇ ಇದರ ಮೇಲೆ. ಮೆಟ್ಟಿಲು ನೇರವಾಗಿ ಹೋದರೆ ನೇರ ಹಳಿ ಸಾಕು, ರೆಡಿ ಇರುವುದನ್ನೇ ಅಳತೆಗೆ ಕತ್ತರಿಸಿ ಕೂರಿಸುತ್ತಾರೆ, ಮುಂದೆ ಬೇಡ ಅನಿಸಿದರೆ ಬೇರೆಯವರಿಗೆ ಮಾರಬಹುದು. ಆದರೆ ನಮ್ಮ ಕಡೆ ಮೂವತ್ತು ನಲವತ್ತರ ಸೈಟುಗಳಲ್ಲಿ ಕಟ್ಟಿದ ಮನೆಗಳಲ್ಲಿ ನೇರ ಮೆಟ್ಟಿಲು ಅಪರೂಪ. ಅರ್ಧ ಹತ್ತಿ, ಲ್ಯಾಂಡಿಂಗಿನಲ್ಲಿ ತಿರುಗಿ, ಇನ್ನರ್ಧ ಹತ್ತಬೇಕು. ಜಾಗ ಉಳಿಸಲು ಆ ಲ್ಯಾಂಡಿಂಗಿನಲ್ಲೂ ಮೂಲೆ ಮೆಟ್ಟಿಲು ಕಟ್ಟಿರುತ್ತಾರೆ. ಇಂಥ ಕಡೆ ಹಳಿಯನ್ನು ಆ ಮೆಟ್ಟಿಲಿನ ಅಳತೆಗೇ ಬಗ್ಗಿಸಿ ಮಾಡಿಸಬೇಕು. ಬಂದು ಮೆಟ್ಟಿಲ ಮೇಲೆಲ್ಲ ಗುರುತಿನ ಚೀಟಿ ಅಂಟಿಸಿ ಫೋಟೊ ತೆಗೆದು ಅಳತೆ ಹಿಡಿಯುತ್ತಾರೆ, ಫ್ಯಾಕ್ಟರಿಯಲ್ಲಿ ಹಳಿ ತಯಾರಾಗಿ ಬರಲು ವಾರಗಟ್ಟಲೆ ಬೇಕು, ಬೆಲೆ ನೇರ ಹಳಿಯ ಎರಡರಷ್ಟು ಅಥವಾ ಇನ್ನೂ ಜಾಸ್ತಿ. ಬೇರೆ ಮನೆಗೆ ಆ ಹಳಿ ಆಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಸಿಗುತ್ತೆ ಅಂತ ಯಾರಾದರೂ ತಿರುವಿನ ಹಳಿ ತೋರಿಸಿದರೆ ಅದಕ್ಕೇ ಹೇಳಿದ್ದು, ಹುಷಾರು.

ಖರ್ಚು ಉಳಿಸಲು ಕೆಲವರು ಎರಡು ನೇರ ಲಿಫ್ಟ್ ಹಾಕಿಸಿ ಅನ್ನುತ್ತಾರೆ. ಕೆಳಗಿನ ಅರ್ಧಕ್ಕೆ ಒಂದು, ಮೇಲಿನ ಅರ್ಧಕ್ಕೆ ಒಂದು. ಲ್ಯಾಂಡಿಂಗಿನಲ್ಲಿ ಎದ್ದು ಆ ಕುರ್ಚಿಯಿಂದ ಈ ಕುರ್ಚಿಗೆ. ಲ್ಯಾಂಡಿಂಗ್ ವಿಶಾಲವಾಗಿದ್ದು, ಕಾಲು ಇನ್ನೂ ಗಟ್ಟಿ ಇದ್ದರೆ ಪರವಾಗಿಲ್ಲವೇನೋ. ನನಗೆ ಒಪ್ಪಿಗೆಯಾಗಲಿಲ್ಲ. ಎರಡು ತುದಿಗಳೇ ಕಷ್ಟ ಅಂತಿರುವಾಗ ಅದನ್ನು ನಾಲ್ಕು ಮಾಡುವುದು ಯಾಕೆ? ಅದೂ ರಾತ್ರಿ ಹೊತ್ತು, ಎರಡೂ ಕಡೆ ಮೆಟ್ಟಿಲಿರುವ ಜಾಗದಲ್ಲಿ.

ತಿರುವಿನ ಹಳಿಯಲ್ಲೂ ಒಂದು ಆಯ್ಕೆ ಇದೆ, ಅದನ್ನು ತಾವಾಗಿಯೇ ಹೇಳುವವರು ಕಡಿಮೆ. ಹಳಿ ಕಟಾಂಜನದ ಕಡೆ ಹೋಗಬೇಕಾ, ಗೋಡೆ ಕಡೆ ಹೋಗಬೇಕಾ? ಕಟಾಂಜನದ ಕಡೆ ಹೋದರೆ ಹಳಿ ಚಿಕ್ಕದು, ಜೊತೆಗೆ ಗೋಡೆ ಕಡೆಯ ಅಗಲವಾದ ಮೆಟ್ಟಿಲು ಬೇರೆಯವರಿಗೆ ನಡೆದಾಡಲು ಖಾಲಿ ಉಳಿಯುತ್ತದೆ. ಗೋಡೆ ಕಡೆಯದು ಉದ್ದ, ಖರ್ಚೂ ಸ್ವಲ್ಪ ಹೆಚ್ಚು. ಆದರೆ ನಮ್ಮ ಮನೆಯಲ್ಲಿ ಮೇಲೆ ಮುಟ್ಟಿದ ಮೇಲೂ ಗೋಡೆ ಹಾಗೇ ಮುಂದುವರಿಯುತ್ತದೆ, ಹಳಿಯನ್ನೂ ಅದರ ಜೊತೆ ಎಳೆದರೆ ಕುರ್ಚಿ ಮೆಟ್ಟಿಲ ಬಾಯಿಂದ ದೂರ ಹೋಗಿ ಸಮತಟ್ಟು ನೆಲದ ಮೇಲೆ ನಿಲ್ಲುತ್ತದೆ. ಅಮ್ಮ ಏಳುವಾಗ ಹತ್ತಿರದಲ್ಲಿ ಎಲ್ಲೂ ಮೆಟ್ಟಿಲೇ ಇಲ್ಲ. ಆ ಸೌಲಭ್ಯಕ್ಕೆ ಕೊಟ್ಟ ದುಡ್ಡು ಸಾರ್ಥಕ.

ಅಷ್ಟು ಜಾಗ ಇಲ್ಲದ ಕಡೆ ತಿರುಗುವ ಸೀಟು ಇರಲೇಬೇಕು. ಮೇಲೆ ಮುಟ್ಟಿದ ಮೇಲೆ ಸೀಟು ಮಹಡಿಯ ನೆಲದ ಕಡೆ ತಿರುಗಿ ಲಾಕ್ ಆಗುತ್ತದೆ, ಕುರ್ಚಿಯ ಬೆನ್ನು ಮೆಟ್ಟಿಲಿಗೆ ಅಡ್ಡ ಬರುತ್ತದೆ, ಹಿಂದಕ್ಕೆ ವಾಲಿದರೂ ಬೀಳುವುದಿಲ್ಲ. ಮತ್ತೆ ನೇರ ಮಾಡುವ ತನಕ ಕುರ್ಚಿ ಕದಲುವುದಿಲ್ಲ. ಕೈಯಲ್ಲಿ ಲಿವರ್ ಒತ್ತಿ ತಿರುಗಿಸುವುದು ಒಂದು, ಮೋಟರಿನಿಂದ ತಾನೇ ತಿರುಗುವುದು ಇನ್ನೊಂದು. ಲಿವರ್ ಒತ್ತಿ, ಕಾಲಿನಿಂದ ಸ್ವಲ್ಪ ನೂಕಿ, ಮೈ ತಿರುಗಿಸಬೇಕು. ಬೆರಳಿನ ಸಂದು ಊದಿಕೊಂಡಿರುವವರಿಗೆ ಅದು ಸುಲಭ ಅಲ್ಲ. ಪವರ್ ಸೀಟೇ ತೆಗೆದುಕೊಳ್ಳಿ, ಬೇರೆ ಏನಾದರೂ ಬಿಡಿ.

ಕುರ್ಚಿಯ ವಿಷಯದಲ್ಲಿ ಕೂರುವವರನ್ನು ಕೂರಿಸಿಯೇ ನೋಡಬೇಕು. ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಕ್ಕಳು ವಾಟ್ಸಾಪಿನಲ್ಲಿ ವಿಡಿಯೊ ನೋಡಿ ಆರ್ಡರ್ ಮಾಡುವುದು ಈಗ ಜಾಸ್ತಿಯಾಗಿದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ದಯವಿಟ್ಟು ಇಲ್ಲಿರುವ ಯಾರಿಗಾದರೂ ಹೇಳಿ, ಅಪ್ಪನನ್ನೋ ಅಮ್ಮನನ್ನೋ ಒಮ್ಮೆ ಕರೆದುಕೊಂಡು ಹೋಗಿ ಡೆಮೊ ಕುರ್ಚಿಯಲ್ಲಿ ಕೂರಿಸಲಿ. ಅವರು ಮನೆಯಲ್ಲಿ ಉಡುವ ಬಟ್ಟೆಯಲ್ಲೇ ಹೋಗಲಿ. ನಮ್ಮಮ್ಮ ನಾಲ್ಕಡಿ ಹತ್ತಿಂಚು ಇದ್ದಾರೆ. ಕೂತಾಗ ಪಾದ ಊರದೆ ತೂಗಾಡುತ್ತಿತ್ತು, ಏಳಬೇಕಾದರೆ ಮುಂದಕ್ಕೆ ಜಾರಿ ಹಾರಬೇಕಾಗಿತ್ತು. ಸೀಟಿನ ಎತ್ತರವನ್ನು ಕೂರಿಸುವಾಗಲೇ ಹೊಂದಿಸುತ್ತಾರೆ, ಅದನ್ನು ಮೊದಲೇ ಬರೆಸಿಕೊಂಡೆವು. ಇನ್ನು ಸೀರೆ. ಕೂತ ಕೂಡಲೇ ನೆರಿಗೆ ಹರಡಿಕೊಂಡು ಸೆರಗು ಹಳಿಯ ಕಡೆಗೆ ಜಾರಿತು. ಈಗ ಅಮ್ಮ ಕೂತ ತಕ್ಷಣ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆಯನ್ನು ಎರಡೂ ಮೊಣಕಾಲಿನ ನಡುವೆ ಒತ್ತಿಕೊಂಡು, ಆಮೇಲೆ ಬೆಲ್ಟ್ ಹಾಕುತ್ತಾರೆ. ಪಂಚೆ ಉಡುವ ಅಪ್ಪಂದಿರಿಗೂ ಇದೇ ಮಾತು.

ಬೆಲ್ಟಿನ ಬಕಲ್ ಒಂದೇ ಕೈಯಲ್ಲಿ ಹಾಕಲು ಬರುತ್ತದಾ ನೋಡಿ. ಗುಂಡಿ ಅಥವಾ ಜಾಯ್‌ಸ್ಟಿಕ್ಕನ್ನು ದಾರಿಯುದ್ದಕ್ಕೂ ಒತ್ತಿ ಹಿಡಿದಿರಬೇಕು, ಕೈ ಬಿಟ್ಟರೆ ನಿಲ್ಲುತ್ತದೆ. ಸುರಕ್ಷತೆಗೆ ಅಂತಲೇ ಹಾಗೆ ಮಾಡಿರುವುದು. ಆದರೆ ಪಾರ್ಶ್ವವಾಯು ಆಗಿದ್ದರೆ ಯಾವ ಕೈ ಗಟ್ಟಿ ಇದೆಯೋ ಆ ಕಡೆಯ ಹಿಡಿಕೆಗೇ ಅದನ್ನು ಹಾಕಿಸಬೇಕು. ಕೈ ನಡುಗುವವರಿಗೆ ದೊಡ್ಡ ಗುಂಡಿ ಬೇಕು. ಮಂಡಿ ಆಪರೇಷನ್ ಆಗಿ ಕಾಲು ಪೂರ್ತಿ ಮಡಚಲಾಗದವರು ಮೆಟ್ಟಿಲಿನ ಅಗಲವನ್ನು ಮೊದಲು ನೋಡಬೇಕು. ಬೆನ್ನು ಒರಗಿಸಿ ಕೂತು, ಸೀಟಿನ ಹಿಂಭಾಗದಿಂದ ಕಾಲ್ಬೆರಳಿನ ತುದಿಯ ತನಕ ಟೇಪ್ ಹಿಡಿಯಿರಿ. ಸಾಮಾನ್ಯವಾಗಿ 70-75 ಸೆಂ.ಮೀ. ಅಗಲ ಸಾಕು ಅನ್ನುತ್ತಾರೆ, ಉದ್ದ ಕಾಲಿನವರಿಗೆ ಸಾಲದು. ಪೂರ್ತಿ ಕೂರಲಾಗದವರಿಗೆ ಅರೆ ನಿಂತು ಒರಗುವಂಥ ಸೀಟು ಬರುತ್ತದೆ, ಅದಕ್ಕೆ ಸಮತೋಲನ ಚೆನ್ನಾಗಿರಬೇಕು.

ಕರೆಂಟಿನ ಬಗ್ಗೆ ಭಯ ಬೇಡ. ಹೆಚ್ಚಿನವು ಓಡುವುದೇ ಬ್ಯಾಟರಿಯಲ್ಲಿ, 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. ಮನೆಯ ಕರೆಂಟು ಅವನ್ನು ಚಾರ್ಜ್ ಮಾಡಲು ಮಾತ್ರ, ಹೋದರೂ ಕೆಲವು ಸಲ ಹತ್ತಿ ಇಳಿಯಬಹುದು. ಚಾರ್ಜ್ ಆಗುವ ಜಾಗ ಹಳಿಯ ತುದಿಗಳಲ್ಲಿ ಇರುತ್ತದೆ, ಮಧ್ಯದಲ್ಲಿ ನಿಲ್ಲಿಸಿ ಬಿಟ್ಟರೆ ಚಾರ್ಜ್ ಆಗುವುದಿಲ್ಲ. ಇನ್ನೊಂದು, ಊರಿಗೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿ ಇದೆ. ಮದುವೆ ಮುಗಿಸಿ ವಾರಗಟ್ಟಲೆ ಆದ ಮೇಲೆ ಬಂದರೆ ಬ್ಯಾಟರಿ ಮಲಗಿರುತ್ತದೆ. ಲಿಫ್ಟಿನ ಪಾಯಿಂಟಿಗೆ ಬೇರೆ ಸ್ವಿಚ್ ಮಾಡಿಸಿ, ಅದೊಂದನ್ನು ಹಾಗೇ ಬಿಡಿ. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು, ಅದರ ಬೆಲೆ ಈಗಲೇ ಕೇಳಿಟ್ಟುಕೊಳ್ಳಿ.

ಹಳಿಯ ಕಾಲುಗಳನ್ನು ಗೋಡೆಗಲ್ಲ, ಮೆಟ್ಟಿಲಿಗೇ ಬೋಲ್ಟ್ ಹಾಕಿ ಕೂರಿಸುತ್ತಾರೆ. ಗ್ರಾನೈಟ್ ಚಪ್ಪಡಿ ಮುಂದಕ್ಕೆ ಚಾಚಿಕೊಂಡಿರುತ್ತದಲ್ಲ, ಆ ಅಂಚಿನ ಹತ್ತಿರ ಡ್ರಿಲ್ ಮಾಡಿದರೆ ಸೀಳಿಬಿಡುತ್ತದೆ. ಎಲ್ಲೆಲ್ಲಿ ತೂತು ಬರುತ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ, ನಿಮ್ಮ ಗಾರೆ ಮೇಸ್ತ್ರಿಗೂ ಒಮ್ಮೆ ತೋರಿಸಿ. ಕೆಳಗಡೆ ಹಳಿ ಮೊದಲ ಮೆಟ್ಟಿಲಿಗಿಂತ ಮುಂದಕ್ಕೆ ಚಾಚುತ್ತದೆ. ಅಲ್ಲೇ ಬಾಗಿಲಿದ್ದರೆ ಅಡ್ಡವಾಗುತ್ತದೆ, ಕತ್ತಲಲ್ಲಿ ಎಡವುತ್ತಾರೆ. ತುದಿ ಮೇಲಕ್ಕೆ ಮಡಚುವ ಹಳಿ ಸಿಗುತ್ತದೆ, ಕೇಳಿ.

ಕಂಪನಿ ವಿಷಯಕ್ಕೆ ಬರುತ್ತೇನೆ. ಇಂಗ್ಲೆಂಡಿನ ಸ್ಟ್ಯಾನಾ 1867ರಲ್ಲಿ ಶುರುವಾದ ಮನೆತನದ ಕಂಪನಿ, 1975ರಿಂದ ಸ್ಟೇರ್‌ಲಿಫ್ಟ್ ಮಾಡುತ್ತಿದೆ. ಅಂಥ ಹೆಸರುಗಳು ಇನ್ನೂ ಇವೆ, ಕೆಲಸದ ಗುಣಮಟ್ಟ ಚೆನ್ನಾಗಿಯೇ ಇರುತ್ತದೆ. ಆದರೆ ಅಮ್ಮ ಕೂತ ಕುರ್ಚಿ ಮೆಟ್ಟಿಲಿನ ನಡುವೆ ನಿಂತುಬಿಟ್ಟರೆ ಮೈಸೂರಿಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ, ಬಿಡಿಭಾಗ ಬೆಂಗಳೂರಿನಲ್ಲಿ ಇದೆಯಾ ಅಥವಾ ಹಡಗಿನಲ್ಲಿ ಬರಬೇಕಾ, ನನಗೆ ಬೇಕಾಗಿದ್ದು ಇದು. ಒಬ್ಬ ಡೀಲರ್ ಮೆಟ್ಟಿಲನ್ನೇ ನೋಡದೆ ಫೋನಿನಲ್ಲಿ ರೇಟು ಹೇಳಿ, ಆಫರ್ ಇವತ್ತೇ ಕೊನೆ, ಅರ್ಧ ಅಡ್ವಾನ್ಸ್ ಹಾಕಿ ಅಂದರು. ಕೈ ಮುಗಿದು ಇಟ್ಟೆ. ಇನ್ನೊಬ್ಬ ಹುಡುಗ ಮನೆಗೆ ಬಂದು ಟೇಪ್ ತೆಗೆಯುವ ಮುಂಚೆ, "ಅಮ್ಮಾ, ಬೇಜಾರಿಲ್ಲ ಅಂದ್ರೆ ಆ ಸೋಫಾದಿಂದ ಒಂದ್ಸಲ ಎದ್ದು ಇಲ್ಲಿಗೆ ಬರ್ತೀರಾ?" ಅಂತ ಕೇಳಿದ. ಅವರು ಯಾವ ಕೈ ಊರಿ ಏಳುತ್ತಾರೆ, ಯಾವ ಕಾಲು ಮೊದಲು ಇಡುತ್ತಾರೆ ಅಂತ ನೋಡಿ ಬರೆದುಕೊಂಡ. ನಾವು ತೆಗೆದುಕೊಂಡಿದ್ದು ಅವನ ಕಡೆಯಿಂದಲೇ.

ಲಿಫ್ಟ್ ಬಂತು ಅಂತ ಕಾಲಿಗೆ ಕೆಲಸ ನಿಲ್ಲಬಾರದು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಕೂತು ಏಳುವ ವ್ಯಾಯಾಮವನ್ನು ಅಮ್ಮ ಬಿಟ್ಟಿಲ್ಲ. ಮೊಮ್ಮಕ್ಕಳು ಬಂದಾಗ ಕೀ ತೆಗೆದಿಡುತ್ತೇವೆ, ಆಟದ ಸಾಮಾನಲ್ಲ ಅದು.

ಕೂರಿಸಿದ ದಿನ ಕೆಲಸದವರು ಸಹಿ ಕೇಳುತ್ತಾರೆ. ಅವಸರ ಬೇಡ. ಅಮ್ಮನೇ ತಮ್ಮ ಕೈಯಲ್ಲಿ ಒತ್ತಿಕೊಂಡು ಹತ್ತಿ ಇಳಿಯಲಿ. ಮಧ್ಯದಲ್ಲಿ ಕೈ ಬಿಟ್ಟು ನಿಲ್ಲುತ್ತದಾ ನೋಡಲಿ. ಕುರ್ಚಿ ಖಾಲಿ ಇರುವಾಗ ಮೆಟ್ಟಿಲ ಮೇಲೆ ಒಂದು ಚಪ್ಪಲಿ ಇಟ್ಟು ಕೆಳಕ್ಕೆ ಕರೆಯಿರಿ, ಕಾಲಿಡುವ ಹಲಗೆ ತಗುಲಿದ ಕೂಡಲೇ ನಿಲ್ಲಬೇಕು. ಮೇನ್ ಆಫ್ ಮಾಡಿ ಒಂದು ಸುತ್ತು ಹೋಗಿ ಬನ್ನಿ. ರಿಮೋಟ್ ಎರಡೂ ಮಹಡಿಯಲ್ಲಿ ಅವರ ಕೈಗೆ ಎಟುಕುವ ಎತ್ತರದಲ್ಲೇ ಇದೆಯಾ ನೋಡಿ. ಇಷ್ಟಾದ ಮೇಲೆ ಸಹಿ ಹಾಕಿ, ಬಾಕಿ ದುಡ್ಡು ಕೊಡಿ.